ಹಿಂದಿನ ದಿನವೇ ಬರೆದಿಟ್ಟ ಸಾಲು

ಕಣಕ ಸ್ವಲ್ಪ ಸಡಿಲವಾಗಿತ್ತು. ಅನುಸೂಯಾ ಅಂಗೈಗೆ ಮತ್ತೊಮ್ಮೆ ಎಣ್ಣೆ ಸವರಿಕೊಂಡು, ಹೂರಣದ ಉಂಡೆಯನ್ನು ಅದರೊಳಗೆ ಮುಚ್ಚಿ ಬಾಳೆಲೆಯ ಮೇಲೆ ತಟ್ಟುತ್ತಿದ್ದಳು. ಒಂದು ಹೋಳಿಗೆ ಹಂಚಿನ ಮೇಲಿತ್ತು. ಆರಲು ಹರವಿದ್ದವುಗಳ ಅಂಚನ್ನು ಮಗಳು ನೇಹಾ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ದೇವರಿಗೆ ಎಡಿ ಹಿಡಿಯೂಕಿಂತ ಮೊದಲ ಮುಟ್ಟಬ್ಯಾಡ ಅಂದಿಲ್ಲೇನ?"

"ಹರಿದಿದ್ದು ಮಾತ್ರ ತಿಂತಿದೀನಮ್ಮಾ. ದೇವುಡಿಗೆ ಹರಿದಿದ್ದು ಇಡ್ತಾರಾ ಏಂಟಿ?"

ವಿಶಾಖಪಟ್ಟಣದ ಗಾಜುವಾಕದಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ಕನ್ನಡ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ, ಮನೆಯೊಳಗೂ ತೆಲುಗು ಬೆರೆಯದೆ ಇರುತ್ತಿರಲಿಲ್ಲ. ಅನುಸೂಯಾ ನಗುತ್ತ ಇನ್ನೊಂದು ಉಂಡೆ ತೆಗೆದುಕೊಂಡಳು. ಅಷ್ಟರಲ್ಲಿ ಫೋನ್ ಬಂತು.

"ನಿನ್ನ ವಿಜಯವಾಡ ಫಣಿ" ಎಂದು ನೇಹಾ ಫೋನನ್ನು ತಾಯಿಯ ಕಿವಿಗೆ ಹಿಡಿದಳು.

ಫಣಿ ವಿಜಯವಾಡದಲ್ಲಿ, ತಿಂಗಳಿಗೊಮ್ಮೆ ರಕ್ತ ಏರಿಸಿಕೊಳ್ಳಬೇಕಾದ ಥಲಸೇಮಿಯಾ ಮಕ್ಕಳ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ದಸರೆಯ ಶುಭಾಶಯ ಹೇಳಿದ. ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿದ. ಆಮೇಲೆ ದನಿ ತಗ್ಗಿಸಿದ.

"ಮೇಡಂ, ಸರ್ವರ್ ಆನ್ ಆಗಿದೆ. ಆದರೆ ಒಳಗೆ ಏನೂ ಇಲ್ಲ. ಲಾಗಿನ್ ಪುಟ ಬರುತ್ತೆ, ಮಕ್ಕಳ ಹೆಸರು ಒಂದೂ ಇಲ್ಲ. ಹೊಸ ಮನೆ ಥರ ಇದೆ."

"ಆನ್ ಆಗಿದೆ ಅಂದರೆ? ಆಫ್ ಯಾಕಾಗಿತ್ತು?"

"ಪೂಜೆಗೆ ಮೇಡಂ."

ನಿನ್ನೆ ಆಯುಧ ಪೂಜೆ. ಪೂಜೆಯಾದ ಆಯುಧಕ್ಕೆ ಒಂದು ರಾತ್ರಿ ವಿಶ್ರಾಂತಿ ಕೊಡಬೇಕಂತೆ. ಪ್ರತಿ ವರ್ಷ ರಕ್ತದ ಫ್ರಿಜ್ಜಿಗೂ ಆಂಬುಲೆನ್ಸಿಗೂ ಮಾತ್ರ ಬೊಟ್ಟಿಡುತ್ತಿದ್ದರು. ಕೇಂದ್ರ ಕಟ್ಟಿದ ಡಾಕ್ಟರು ಈ ವರ್ಷ ಇಲ್ಲ. ಅವರ ಹೆಂಡತಿ ಹೈಮಾವತಿಯೇ ಈಗ ಎಲ್ಲ ನೋಡಿಕೊಳ್ಳುವುದು. ಸಿಬ್ಬಂದಿಯೆಲ್ಲ ಸೇರಿ, ನೀವೇ ಪೂಜೆ ಮಾಡಬೇಕೆಂದು ಆಕೆಯನ್ನು ಒತ್ತಾಯಿಸಿದ್ದರು. ಮಕ್ಕಳ ನೆನಪೆಲ್ಲ ಆ ಪೆಟ್ಟಿಗೆಯಲ್ಲೇ ಇದೆಯಲ್ಲ, ಅದಕ್ಕೂ ಮಾಡೋಣ ಎಂದು ಆಕೆ ಸರ್ವರನ್ನೂ ಆಫ್ ಮಾಡಿಸಿದ್ದರು.

"ಮೊದಲು ಕುಂಕುಮ ಮುಟ್ಟೋದಕ್ಕೆ ಒಪ್ಪಿರಲಿಲ್ಲ ಮೇಡಂ. ಗಂಡ ಇಲ್ಲದವಳು ಅಂತ. ನಾವೇ, ಈ ಕಾಲದಲ್ಲಿ ಅದೆಲ್ಲ ಏನಮ್ಮಾ ಅಂದೆವು. ಈಗ ನೋಡಿ ಹೀಗಾಯಿತು. ಬೆಳಿಗ್ಗೆಯಿಂದ ಆಕೆ ಆ ಕೋಣೆಯ ಬಾಗಿಲಲ್ಲೇ ಕೂತಿದ್ದಾರೆ. ಆಯಮ್ಮಗಳು ಏನೇನೋ ಗುಸುಗುಸು ಅಂತಿದ್ದಾರೆ."

ಹಂಚಿನ ಮೇಲಿದ್ದ ಹೋಳಿಗೆ ಸೀದು ಹೊಗೆಯಾಡಿತು. ಅನುಸೂಯಾಳಿಗೆ ಅದರ ವಾಸನೆ ಬಂದದ್ದು ನೇಹಾ ಒಲೆ ಆರಿಸಿದ ಮೇಲೆ.

ಆಫ್ ಆಗಿ ಆನ್ ಆಗಿದೆ. ಅಂದರೆ ಆ ಸಾಲು ಜಾರಿಗೆ ಬಂದಿದೆ.

ಗುರುವಾರ ಸಂಜೆ, ಕೇಂದ್ರದ ಸರ್ವರನ್ನು ದೂರದಿಂದಲೇ ನೋಡಿಕೊಳ್ಳುವ ದುವ್ವಾಡದ ತನ್ನ ಆಫೀಸಿನಲ್ಲಿ ಕೂತು ಅವಳೇ ಬರೆದಿಟ್ಟ ಸಾಲು. ಕೇಂದ್ರದ ತಂತ್ರಾಂಶ ಓಡುವುದು ಕಂಟೇನರ್ ಎನ್ನುವ ಮುಚ್ಚಿದ ಡಬ್ಬಿಯಂಥದರೊಳಗೆ. ಆ ಡಬ್ಬಿಯ ಪದರಗಳನ್ನು ಡಿಸ್ಕಿನ ಮೇಲೆ ಹೇಗೆ ಇಡಬೇಕು, ಹೇಗೆ ಓದಬೇಕು ಎಂದು ನಿರ್ಧರಿಸುವುದು ಸ್ಟೋರೇಜ್ ಡ್ರೈವರ್. ವಿಜಯವಾಡದಲ್ಲಿದ್ದದ್ದು ಡಿವೈಸ್‌ಮ್ಯಾಪರ್ ಎಂಬ ಹಳೆಯ ಬಗೆ. ಒಂದು ದೊಡ್ಡ ಫೈಲನ್ನೇ ಡಿಸ್ಕ್ ಎಂದು ನಂಬಿಸಿ ಅದರಲ್ಲಿ ಎಲ್ಲವನ್ನೂ ತುಂಬುವುದು. ನಿಧಾನ. ಒಂದು ಮಗುವಿನ ಚೀಟಿ ತೆರೆಯುವಷ್ಟರಲ್ಲಿ ಒಂದು ಚಹಾ ಮುಗಿಯುತ್ತದೆ ಎಂದು ಅಲ್ಲಿನ ನರ್ಸ್ ಇಂದಿರಮ್ಮ ದೂರುತ್ತಲೇ ಇದ್ದಳು. ಅನುಸೂಯಾ ಓವರ್ಲೇ ಎಂಬ ಹೊಸ ಬಗೆಯನ್ನು ಆರಿಸಿ, ಆಫೀಸಿನ ಬೇರೊಂದು ಯಂತ್ರದಲ್ಲಿ ಪರೀಕ್ಷಿಸಿ ನೋಡಿದ್ದಳು. ಆಯ್ಕೆ ಸರಿಯಾಗಿಯೇ ಇತ್ತು. ಹಳೆಯ ಬಗೆಯಲ್ಲಿ ಬರೆದದ್ದು ಮಾತ್ರ ಹೊಸದರ ಕಣ್ಣಿಗೆ ಬೀಳುವುದಿಲ್ಲ. ರಜೆ ಮುಗಿದ ಮೇಲೆ ಮಂಗಳವಾರ, ಎಲ್ಲವನ್ನೂ ಬೇರೆಡೆ ನಕಲು ಮಾಡಿಕೊಂಡು, ಆಮೇಲೆ ಬದಲಿಸುವುದೆಂದಿತ್ತು. ಆದರೆ ಸೆಟ್ಟಿಂಗ್ ಫೈಲಿನಲ್ಲಿ ಹೊಸ ಡ್ರೈವರಿನ ಹೆಸರನ್ನು ಅಂದೇ ಬರೆದಿಟ್ಟುಬಿಟ್ಟಳು. ಸರ್ವರ್ ಮತ್ತೆ ಆರಂಭವಾಗುವವರೆಗೆ ಆ ಫೈಲನ್ನು ಓದುವುದಿಲ್ಲ. ಆ ಸರ್ವರ್ ಯಾವತ್ತೂ ಆಫ್ ಆಗುವುದೂ ಇಲ್ಲ.

ನಾಳೆಯ ಕೆಲಸವನ್ನು ಇವತ್ತೇ ಅರ್ಧ ಮಾಡಿಡುವುದು ಅವಳ ಅಭ್ಯಾಸ. ರಾತ್ರಿಯೇ ಕಾಳು ನೆನೆಹಾಕುವುದು, ತರಕಾರಿ ಹೆಚ್ಚಿಡುವುದು, ಗಂಡನ ಅಂಗಿಗೆ ಇಸ್ತ್ರಿ ಮಾಡಿಡುವುದು. ಹಾಗೆ ಮಾಡದಿದ್ದರೆ ಮನೆಯನ್ನೂ ಕೆಲಸವನ್ನೂ ಒಟ್ಟಿಗೆ ನಡೆಸಲು ಅವಳಿಗೆ ಎಂದೂ ಆಗುತ್ತಿರಲಿಲ್ಲ.

"ಫಣೀ, ಹೊರಗಿನ ಡೇಟಾ ಫೋಲ್ಡರಿನಲ್ಲಿ ಏನಿದೆ ನೋಡು."

ಕೀಲಿಮಣೆಯ ಸದ್ದು ಕೇಳಿತು. "ಖಾಲಿ ಮೇಡಂ."

"ಸರಿಯಾಗಿ ನೋಡು."

"ಖಾಲಿನೇ."

ಮಕ್ಕಳ ಮಾಹಿತಿ ಕಂಟೇನರಿನ ಹೊರಗಿನ ಆ ಫೋಲ್ಡರಿಗೆ ಬರೆಯಲ್ಪಡಬೇಕಿತ್ತು. ತಂತ್ರಾಂಶವನ್ನು ಅಲ್ಲಿ ಕೂರಿಸುವ ಸ್ಕ್ರಿಪ್ಟ್ ಬರೆದ ಸಹೋದ್ಯೋಗಿ ಪ್ರಮೋದ್ ಎರಡನ್ನೂ ಜೋಡಿಸುವುದನ್ನು ಬಿಟ್ಟಿದ್ದ. ಅವನು ಕೆಲಸ ಬದಲಿಸಿ ಹೋಗಿಯಾಗಿತ್ತು. ಎಲ್ಲವೂ ಕಂಟೇನರಿನ ಒಳಗೇ, ಆ ಹಳೆಯ ದೊಡ್ಡ ಫೈಲಿನ ಹೊಟ್ಟೆಯಲ್ಲೇ ಸೇರುತ್ತ ಬಂದಿತ್ತು. ದಿನವೂ ಬ್ಯಾಕಪ್ ಆಗುತ್ತಿದ್ದದ್ದು ಖಾಲಿ ಫೋಲ್ಡರಿನದು. ಯಶಸ್ವಿಯಾಯಿತು ಎಂಬ ಮೇಲ್ ದಿನವೂ ಬರುತ್ತಿತ್ತು. ಅವಳು ದಿನವೂ ಅದನ್ನು ನೋಡಿ ನೆಮ್ಮದಿಯಿಂದ ಮುಚ್ಚುತ್ತಿದ್ದಳು.

"ಈ ಲಾಗಿನ್ ಪುಟ ಎಲ್ಲಿಂದ ಬಂತು ಹಾಗಾದರೆ?"

"ನಿಮ್ಮ ಆಫೀಸಿನ ದಕ್ಷಿಣಾಮೂರ್ತಿ ಸಾರ್‌ಗೆ ಫೋನ್ ಮಾಡಿದ್ದೆ. ಇನ್‌ಸ್ಟಾಲ್ ಸ್ಕ್ರಿಪ್ಟ್ ಮತ್ತೆ ಓಡಿಸು ಅಂದರು. ಓಡಿಸಿದೆ. ಈಗ ಡಿಸ್ಕ್ ತುಂಬಿಹೋಗಿದೆ ಅಂತ ಬರ್ತಿದೆ. ಆ ಹಳೇ ಡಿವೈಸ್‌ಮ್ಯಾಪರ್ ಫೋಲ್ಡರ್ ಮಂಗಳವಾರದ ಮೇಲೆ ಹೇಗೂ ಬೇಕಿಲ್ಲ, ಅಳಿಸಿ ಜಾಗ ಮಾಡು ಅಂತ..."

"ಅಳಿಸಬೇಡ! ಫಣೀ, ಅದರಲ್ಲೇ ಎಲ್ಲ ಇದೆ. ಕೇಳ್ತಿದೀಯಾ?"

ಆ ಕಡೆ ನಗಾರಿಯ ಸದ್ದು, ಭವಾನಿ ಭಕ್ತರ ಜಯಕಾರ. ಆಮೇಲೆ ಏನೂ ಇಲ್ಲ. ಮತ್ತೆ ಹಚ್ಚಿದರೆ ಸಂಪರ್ಕ ಸಿಗಲಿಲ್ಲ. ಕೇಂದ್ರದ ಫೋನೂ ಹೋಗಲಿಲ್ಲ, ಮನೆಯಿಂದ ಸರ್ವರಿಗೂ ದಾರಿ ಸಿಗಲಿಲ್ಲ. ದಸರೆಯ ದಿನ ಕನಕದುರ್ಗೆಯ ಬೆಟ್ಟಕ್ಕೆ ಬಂದ ಲಕ್ಷಾಂತರ ಜನರ ನಡುವೆ ವಿಜಯವಾಡದ ಫೋನು, ನೆಟ್ ಎಲ್ಲ ಉಸಿರು ಕಟ್ಟಿದ್ದವು.

ಅನುಸೂಯಾ ತನ್ನ ಮೇಲಧಿಕಾರಿ ದಕ್ಷಿಣಾಮೂರ್ತಿಗೆ ಫೋನ್ ಮಾಡಿದಳು. ಅವರು ಅತ್ತೆಮನೆಯಲ್ಲಿದ್ದರು.

"ಗಾಬರಿ ಯಾಕಮ್ಮಾ? ಬ್ಯಾಕಪ್ ಇದೆಯಲ್ಲ."

"ಬ್ಯಾಕಪ್ ಖಾಲಿ ಸಾರ್. ಹಳೇ ಫೋಲ್ಡರ್ ಅಳಿಸಿದರೆ ಮಕ್ಕಳ ದಾಖಲೆ ಹೋದಂತೆಯೇ. ಫಣಿ ಸಿಕ್ಕರೆ ದಯವಿಟ್ಟು ಹೇಳಿ. ನಾನು ಹೊರಡ್ತೀನಿ."

"ನೋಡಮ್ಮಾ, ಪೂಜೆ ಅಂತ ಸ್ವಿಚ್ ಆರಿಸಿದವರು ಅವರು. ರಿಪೋರ್ಟಿನಲ್ಲಿ ಅಷ್ಟೇ ಇರಲಿ. ನಮ್ಮ ಕಡೆ ತಪ್ಪಿಲ್ಲ. ಅಲ್ಲವೇ?"

"ಹೂಂ ಸಾರ್" ಎಂದಳು.

ಆ ಹೂಂ ಬಾಯಿಂದ ತಾನಾಗಿಯೇ ಬಂದಿತ್ತು. ಹನ್ನೆರಡು ವರ್ಷ ಮನೆಯಲ್ಲಿದ್ದು, ನಲವತ್ತರ ಹತ್ತಿರ ಬಂದಾಗ ಮಗಳ ವಯಸ್ಸಿನವರ ಜೊತೆ ಕೋಚಿಂಗಿನ ಬೆಂಚಿನ ಮೇಲೆ ಕೂತು ಲಿನಕ್ಸ್ ಕಲಿತವಳು ಅವಳು. ಆಫೀಸಿನಲ್ಲಿ ಎಲ್ಲರೆದುರು ದಕ್ಷಿಣಾಮೂರ್ತಿ "ನಮ್ಮ ಅಡುಗೆಮನೆ ಅಡ್ಮಿನ್" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅಲ್ಲಿ ಕಿಟಕಿಯ ಪಕ್ಕದ ಅವಳ ಕುರ್ಚಿಗೆ ಅವಳು ಯಾರ ಹೆಂಡತಿ, ಯಾರ ತಾಯಿ ಎನ್ನುವುದು ಬೇಕಿರಲಿಲ್ಲ. ಕೆಲಸ ಗುತ್ತಿಗೆಯದು. ಅವಳನ್ನು ತೆಗೆಯಲು ಕಾಯುತ್ತಿದ್ದವರಿಗೆ ಒಂದು ತಪ್ಪು ಸಾಕಿತ್ತು.

ಉಕ್ಕಿನ ಕಾರ್ಖಾನೆಯ ಇಂಜಿನಿಯರ್ ಲಿಂಗರಾಜ ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದಾಗ ಹೆಂಡತಿ ಚೀಲ ತುಂಬುತ್ತಿದ್ದಳು.

"ಏನ ಇದು? ಹಬ್ಬದ ದಿನ ಎಲ್ಲಿಗೆ ಹೊಂಟಿ?"

"ವಿಜಯವಾಡಕ್ಕ. ಸರ್ವರ್ ಕೆಟ್ಟದ. ಆ ಕಪ್ಪು ಹಾರ್ಡ್ ಡಿಸ್ಕ್ ಬೇಕ್ರೀ ನನಗ."

"ಅದರಾಗ ನನ್ನ ಸಿನೆಮಾ ಅದಾವು!"

"ಅಳಸ್ತೀನಿ."

"ಎಲ್ಲಾನೂ?"

"ಎಲ್ಲಾನೂ."

ಅವಳ ಮುಖ ನೋಡಿ ಅವನು ಡಿಸ್ಕ್ ತಂದುಕೊಟ್ಟ. ಸ್ಕೂಟರಿನಲ್ಲಿ ದುವ್ವಾಡ ಸ್ಟೇಷನ್ನಿಗೆ ಬಿಟ್ಟ. ಗಾಡಿ ಬರುವಾಗ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಅವಳ ಚೀಲದ ಬದಿಗೆ ತುರುಕಿದ. "ಬನ್ನಿ ಎಲಿ. ಅಲ್ಲಿ ಹಿರೇರು ಯಾರರ ಇದ್ರ ಕೊಟ್ಟು ನಮಸ್ಕಾರ ಮಾಡು. ಹಂಗ ಬರಬ್ಯಾಡ."

ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಕೆಂಪು ಬಟ್ಟೆ ತೊಟ್ಟ ಭವಾನಿ ಭಕ್ತರು ಬಾಗಿಲವರೆಗೂ ತುಂಬಿದ್ದರು. ಅನುಸೂಯಾ ಒಂದು ಸೀಟಿನ ಅಂಚಿಗೆ ಆತುಕೊಂಡು ಫೋನ್ ಹಚ್ಚುತ್ತಲೇ ಇದ್ದಳು. ಸಿಗಲಿಲ್ಲ. ತುನಿ ಹೋಯಿತು, ಸಾಮರ್ಲಕೋಟ ಹೋಯಿತು. ಫಣಿ ಆ ಫೋಲ್ಡರನ್ನು ಈಗ ಅಳಿಸುತ್ತಿರಬಹುದು, ಆಗಲೇ ಅಳಿಸಿರಬಹುದು. ಒಂದು ಆಜ್ಞೆ, ಒಂದು ಎಂಟರ್. ತನ್ನ ಮಾತು ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ. ಗೋದಾವರಿಯ ಸೇತುವೆಯ ಮೇಲೆ ಭಕ್ತರು ನದಿಗೆ ನಾಣ್ಯ ಎಸೆದು ಕೈಮುಗಿದರು. ಅವಳೂ ಕೈಮುಗಿದಳು. ಏನು ಬೇಡಿಕೊಳ್ಳಬೇಕೆಂದು ಹೊಳೆಯಲಿಲ್ಲ.

ಆ ಸಾಲಿನ ವಿಷಯ ಯಾರಿಗೆ ಗೊತ್ತು? ಹೋಳಿಗೆ ಸೀಯುತ್ತಿದ್ದಾಗ ಅವಳಿಗೆ ಮೊದಲು ಬಂದ ಯೋಚನೆ ಇದು. ಮಕ್ಕಳ ಯೋಚನೆ ಬಂದದ್ದು ಆಮೇಲೆ. ಕಿಟಕಿಯ ಸರಳಿಗೆ ಹಣೆ ಒತ್ತಿ ಅವಳು ಇದನ್ನೇ ಮತ್ತೆ ಮತ್ತೆ ನೋಡಿದಳು. ಸರಿಯಾದ ಉತ್ತರವೂ ಅವಳಿಗೆ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲ.

ವಿಜಯವಾಡದಲ್ಲಿ ಆಟೋ ಸಿಗದೆ ಅವಳು ಜನರ ನಡುವೆ ನಡೆದೇ ಕೇಂದ್ರ ಸೇರಿದಾಗ ಸಂಜೆಯ ದೀಪ ಹಚ್ಚಿದ್ದರು. ಸರ್ವರ್ ಕೋಣೆಯ ಬಾಗಿಲಲ್ಲಿ ಬಿಳಿಗೂದಲಿನ ಹೈಮಾವತಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಒಳಗೆ ಸರ್ವರಿನ ಕರಿ ಪೆಟ್ಟಿಗೆಯ ಮೇಲೆ ಮೂರು ಕುಂಕುಮದ ಬೊಟ್ಟು, ಬಾಡಿದ ಚೆಂಡುಹೂವು.

"ಅಳಿಸಿದೆಯಾ?" ಅನುಸೂಯಾ ಚೀಲ ಇಳಿಸದೆ ಕೇಳಿದಳು.

ಫಣಿ ಹೈಮಾವತಿಯ ಕಡೆ ನೋಡಿದ. "ಆಜ್ಞೆ ಟೈಪ್ ಮಾಡಿದ್ದೆ ಮೇಡಂ. ಅಮ್ಮನೇ ಬೇಡ ಅಂದರು."

ಹೈಮಾವತಿಯ ತವರು ಬಳ್ಳಾರಿ. ಅನುಸೂಯಾ ಬಂದಾಗಲೆಲ್ಲ ಆಕೆ ತನ್ನ ಅರ್ಧ ಮರೆತ ಕನ್ನಡವನ್ನು ಆಸೆಯಿಂದ ಆಡುತ್ತಿದ್ದರು. ಇಂದು ಆ ಆಸೆ ಇರಲಿಲ್ಲ. "ಹಬ್ಬದ ದಿನ ಮನೆಯೊಳಗಿಂದು ಏನೂ ಹೊರಗ ಹಾಕಬಾರದು ಅಂದೆನಮ್ಮಾ. ನಾನು ಕೆಡಿಸಿದ್ದು ಸಾಲದು ಅಂತ ಇನ್ನೂ ಏನೇನು ಕೆಡ್ತದೋ ಅಂತ ಭಯ."

ಅನುಸೂಯಾ ಚೀಲ ಇಳಿಸಿದಳು. ಅವಳು ನೆಲದ ಮೇಲೆ ಕೂತುಬಿಟ್ಟಳು.

ಆ ಸಂಜೆಯೇ ಲಿಂಗರಾಜನ ಸಿನೆಮಾಗಳನ್ನೆಲ್ಲ ಅಳಿಸಿ, ಹಳೆಯ ಫೋಲ್ಡರನ್ನು ಇದ್ದಂತೆಯೇ ಡಿಸ್ಕಿಗೆ ನಕಲು ಮಾಡಲು ಹಚ್ಚಿದಳು. ಏನೇ ರಿಪೇರಿಯಿದ್ದರೂ ನಕಲಿನ ಮೇಲೆ, ಮೂಲವನ್ನು ಮುಟ್ಟುವುದಿಲ್ಲ ಎಂದುಕೊಂಡಳು. ಅದು ತೆವಳುತ್ತ ಸಾಗುವಾಗ ಇಂದಿರಮ್ಮ ಚಹಾ ತಂದು ಪಕ್ಕದಲ್ಲಿ ಕೂತಳು.

"ಸೋಮವಾರ ಪ್ರತ್ಯೂಷಾಗೆ ರಕ್ತ ಏರಿಸಬೇಕು ಮೇಡಂ. ಗಾಂಧಿ ಜಯಂತಿ ಅಂತ ಮುಂದಕ್ಕೆ ಹಾಕೋ ಹಾಗಿಲ್ಲ, ಮಗು ಆಗಲೇ ಬಿಳಿಚಿಕೊಂಡಿದೆ. ಸರ್ವರಿನಲ್ಲಿದ್ದ ಅವಳ ಲ್ಯಾಬ್ ಚೀಟಿಯ ಫೋಟೋ ಇಲ್ಲದೆ ಅವಳಿಗೆ ಯಾವ ರಕ್ತ ತರಿಸೋದು?"

"ಮತ್ತೆ ಪರೀಕ್ಷೆ ಮಾಡಿಸಿದರೆ ಗೊತ್ತಾಗಲ್ಲವಾ?"

"ಅದೇ ತೊಂದರೆ. ಎರಡು ವರ್ಷದ ಹಿಂದೆ ಹೊಂದದ ರಕ್ತ ಬಿದ್ದು ಅವಳ ಮೈಯಲ್ಲಿ ಒಂದು ಆ್ಯಂಟಿಬಾಡಿ ಹುಟ್ಟಿತು. ಬರ್ತಾ ಬರ್ತಾ ಅದು ಅಡಗಿಕೊಳ್ಳುತ್ತೆ. ಈಗ ಪರೀಕ್ಷೆ ಮಾಡಿದರೆ ಏನೂ ಕಾಣಲ್ಲ. ಅದೇ ಜಾತಿ ರಕ್ತ ಇನ್ನೊಂದು ಸಲ ಹೋದರೆ ಮಾತ್ರ ಮೈ ನೆನಪು ಮಾಡಿಕೊಳ್ಳುತ್ತೆ. ಕೊಟ್ಟ ರಕ್ತವನ್ನೆಲ್ಲ ಒಡೆದುಹಾಕುತ್ತೆ." ಇಂದಿರಮ್ಮ ಲೋಟದ ಅಂಚನ್ನು ಉಗುರಿನಿಂದ ಕೆರೆದಳು. "ಮೂಲ ಕಾಗದ ಅವಳ ತಂದೆ ತಾಯಿ ಮನೆ ಬದಲಿಸುವಾಗ ಕಳೆದಿದೆ. ಹೈದರಾಬಾದಿನ ಲ್ಯಾಬ್ ಮಂಗಳವಾರದವರೆಗೆ ರಜೆ. ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತುತ್ತಿಲ್ಲ."

ಭಾನುವಾರ ಬೆಳಿಗ್ಗೆ ನಕಲು ಮುಗಿದಿತ್ತು. ಆ ನಕಲನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಅಲ್ಲಿ ಹಳೆಯ ಡ್ರೈವರಿನ ಹೆಸರು ಬರೆದು ಶುರು ಮಾಡಿದಳು. ಏಳಲಿಲ್ಲ. ಯಾವ ಪದರ ಎಲ್ಲಿದೆ ಎಂದು ಹೇಳುವ ಸಣ್ಣ ನಕ್ಷೆಯ ಫೈಲು ಹಾಳಾಗಿತ್ತು.

"ಫಣೀ, ಶುಕ್ರವಾರ ಹೇಗೆ ಆಫ್ ಮಾಡಿದೆ?"

"ಗೋಡೆಯ ಸ್ವಿಚ್ ಆರಿಸಿದೆ ಮೇಡಂ. ಮುಹೂರ್ತ ಮೀರ್ತಿತ್ತು."

ಬಾಗಿಲಲ್ಲಿದ್ದ ಹೈಮಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅನುಸೂಯಾ ನಕ್ಷೆಯನ್ನು ರಿಪೇರಿ ಮಾಡುವ ಆಜ್ಞೆ ಕೊಟ್ಟಳು. ಆಗಲಿಲ್ಲ. ಇನ್ನೊಮ್ಮೆ ಕೊಟ್ಟಾಗ ಅರ್ಧಕ್ಕೆ ನಿಂತಿತು. ಮನೆಯಿಂದ ಬಂದ ಫೋನನ್ನು ಎತ್ತಲಿಲ್ಲ. ಕೈಪಿಡಿಯ ಪುಟವನ್ನು ಮೊದಲಿಂದ ಓದಿದಳು. ಹಾಳಾದ ನಕ್ಷೆಯ ಜಾಗದಲ್ಲೇ ತಿದ್ದಬಾರದು, ಉಳಿದದ್ದನ್ನು ಓದಿ ಬೇರೆ ಫೈಲಿಗೆ ಹೊಸ ನಕ್ಷೆ ಬರೆಸಬೇಕು. ಬರೆಸಿದಳು. ಆಮೇಲೆ ಪರದೆಯ ಮೇಲೆ ಹಳೆಯ ಕಂಟೇನರುಗಳ ಹೆಸರು ಒಂದರ ಕೆಳಗೊಂದು ಬಂದವು.

ಅವಳು ಕೂಗಲಿಲ್ಲ. ಕಂಟೇನರನ್ನು ಶುರು ಮಾಡುವ ಮೊದಲೇ ಅದರ ಒಳಗಿನದನ್ನೆಲ್ಲ ಹೊರಗೆ ತೆಗೆದಿಟ್ಟಳು. ಪ್ರತ್ಯೂಷಾಳ ಚೀಟಿ ತೆರೆದಳು. ಅಡ್ಡಡ್ಡವಾಗಿ ತೆಗೆದ ಫೋಟೋ, ಮೂಲೆಯಲ್ಲಿ ಇಂದಿರಮ್ಮನ ಹೆಬ್ಬೆರಳು. ನಡುವೆ ಆ್ಯಂಟಿಬಾಡಿಯ ಹೆಸರು ಸ್ಪಷ್ಟವಾಗಿತ್ತು.

"ನನ್ನ ಬೆರಳು!" ಎಂದು ಇಂದಿರಮ್ಮ ಅಳುತ್ತಲೇ ನಕ್ಕಳು. "ಇನ್ನು ಮೇಲೆ ಈ ಬೆರಳಿಗೂ ಬೊಟ್ಟಿಡಬೇಕು." ರಕ್ತ ನಿಧಿಗೆ ತಿಳಿಸಲು ಓಡಿದಳು.

ಸರ್ವರಿನಲ್ಲಿ ಎಲ್ಲವನ್ನೂ ಹೊರಗಿನ ಫೋಲ್ಡರಿಗೆ ಸರಿಯಾಗಿ ಜೋಡಿಸಿ, ಹೊಸ ಡ್ರೈವರಿನ ಮೇಲೆಯೇ ತಂತ್ರಾಂಶ ಏಳಿಸಿದಾಗ ಮಧ್ಯಾಹ್ನವಾಗಿತ್ತು. ಹೈಮಾವತಿ ಇನ್ನೂ ಬಾಗಿಲಲ್ಲೇ ಇದ್ದರು, ಹೊಸ್ತಿಲ ಆಚೆ. ನಿನ್ನೆಯಿಂದ ಆಕೆ ಒಳಗೆ ಕಾಲಿಟ್ಟಿರಲಿಲ್ಲ.

"ಎಲ್ಲಾ ಸಿಕ್ತು ಅಕ್ಕಾ. ಬನ್ನಿ, ನೋಡಿ."

"ನೀನು ನೋಡಿದ್ಯಲ್ಲ, ಸಾಕಮ್ಮಾ."

"ಇದು ನಿಮ್ಮ ಪೂಜೆಯಿಂದ ಆದದ್ದಲ್ಲ. ನೀವು ತಡೆಯದಿದ್ದರ ಏನೂ ಉಳೀತಿರಲಿಲ್ಲ."

"ನನ್ನ ಸಮಾಧಾನಕ್ಕೆ ಹೇಳ್ತೀಯ. ಅವರಿದ್ದಾಗ ಪ್ರತಿ ವರ್ಷ ಅವರೇ ಬೊಟ್ಟು ಇಡ್ತಿದ್ದರು. ಏನಾದರೂ ಆಯ್ತಾ?"

"ಆಗ ಸರ್ವರಿಗೆ ಪೂಜೆನೇ ಮಾಡ್ತಿರಲಿಲ್ಲಲ್ಲ ಅಕ್ಕಾ."

"ಅದನ್ನೇ ನಾನೂ ಹೇಳ್ತಿರೋದು. ಇಲ್ಲದ್ದನ್ನ ಮಾಡಿಸಿದ ಕೈ ಇದು." ಆಕೆ ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

ಅನುಸೂಯಾ ಪರದೆಯ ಕಡೆ ತಿರುಗಿದಳು. "ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬದಲಾಗಿತ್ತು. ಆಫ್ ಆಗಿ ಆನ್ ಆದ ಕೂಡಲೇ ಅದು ಜಾರಿಗೆ ಬಂತು. ಅಷ್ಟೇ."

ಯಾರು ಬದಲಿಸಿದ್ದು ಎಂದು ಹೈಮಾವತಿ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ ಎಂದು ಅನುಸೂಯಾ ಆಮೇಲೆ ಅಂದುಕೊಂಡಳು. ಬಾಯಿ ತೆರೆದಳು. ಫಣಿ ಕೇಬಲ್ ಸುತ್ತುತ್ತ ಅಲ್ಲೇ ನಿಂತಿದ್ದ. ಬಾಯಿ ಮುಚ್ಚಿಕೊಂಡಿತು.

ಹೊರಡುವಾಗ ಹೈಮಾವತಿ ತಟ್ಟೆಯಲ್ಲಿ ರವಿಕೆಯ ಕಣ, ಬಾಳೆಹಣ್ಣು, ಎಲೆ ಅಡಿಕೆ, ಕುಂಕುಮ ತರಿಸಿದರು. ಮುಟ್ಟದೆ ದೂರ ನಿಂತು, "ಇಂದಿರಮ್ಮಾ, ನೀನಿಡು" ಎಂದರು. ಇಂದಿರಮ್ಮ ಅನುಸೂಯಾಳ ಹಣೆಗೆ ಕುಂಕುಮ ಇಟ್ಟು ಉಡಿ ತುಂಬಿದಳು. ಅನುಸೂಯಾ ಚೀಲದ ಬದಿಯಿಂದ ಪೊಟ್ಟಣ ತೆಗೆದು, ಬಾಗಿ, ಬನ್ನಿ ಎಲೆಯನ್ನು ಹೈಮಾವತಿಯ ಕೈಗೆ ಕೊಡಲು ಹೋದಳು. ಆಕೆ ಕೈ ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡಮ್ಮಾ. ನಿನ್ನ ಮನೆಯೊಳಗೆ ಒಳ್ಳೇದಾಗಲಿ. ಇಂದಿರಮ್ಮಾ, ನಾಳೆ ಆ ಮಗುಗೆ ರಕ್ತ ಏರಿಸುವಾಗ ನನ್ನನ್ನ ಕರೀಬ್ಯಾಡ. ನಾನು ಬರಲ್ಲ."

"ಅದೇನು ಮಾತಮ್ಮಾ? ಸೂಜಿ ಚುಚ್ಚುವಾಗ ಅವಳಿಗೆ ನಿಮ್ಮ ಕೈಯೇ ಬೇಕು."

"ಅದಕ್ಕೇ ಬರಲ್ಲ ಅಂದಿದ್ದು."

ವಿಶಾಖಪಟ್ಟಣದ ಗಾಡಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹಬ್ಬ ಮುಗಿಸಿ ಮರಳುವವರು ಸುಸ್ತಾಗಿ ಒಬ್ಬರ ಮೇಲೊಬ್ಬರು ವಾಲಿ ನಿದ್ದೆಹೋಗಿದ್ದರು. ಬಿಸಿಲು ಇಳಿಯುತ್ತಿತ್ತು. ದಕ್ಷಿಣಾಮೂರ್ತಿಯವರ ಫೋನ್ ಬಂತು. "ಭೇಷ್ ಅನುಸೂಯಮ್ಮಾ. ನೋಡಿ, ರಿಪೋರ್ಟಿನಲ್ಲಿ ಪೂಜೆ, ಗೋಡೆಯ ಸ್ವಿಚ್. ಎರಡೇ ಸಾಲು ಸಾಕು. ಅವರೂ ಒಪ್ಪಿಕೊಂಡಿದ್ದಾರಂತೆ, ಆಕೆ ತಾನೇ ಕಾರಣ ಅಂತ ಎಲ್ಲರಿಗೂ ಹೇಳ್ತಿದ್ದಾರಂತಲ್ಲ."

"ಹೂಂ ಸಾರ್."

ಲಿಂಗರಾಜನದು ಬಂತು. "ಗಾಡಿ ಸಿಕ್ತೇನ? ಹೋಳಿಗಿ ತಗದಿಟ್ಟೀವಿ. ಬನ್ನಿ ಕೊಟ್ಟಿ?"

"ಹೂಂ."

ಫೋನ್ ಇಟ್ಟ ಮೇಲೆ ಪೊಟ್ಟಣ ಬಿಚ್ಚಿದಳು. ಎಲೆಗಳು ಒಣಗಿ ಅಂಚು ಮುರುಟಿದ್ದವು. ನಾಳೆ ಆ ಮಗು ಸೂಜಿ ನೋಡಿ ಅತ್ತಾಗ ಹೈಮಾವತಿ ಮನೆಯ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತಾರೆ. ಮುಂದಿನ ತಿಂಗಳು ಹಾಗೆಯೇ. ಮುಂದಿನ ವರ್ಷ ಪೂಜೆಗೆ ಯಾರೂ ಆಕೆಯನ್ನು ಕರೆಯುವುದಿಲ್ಲ, ಕರೆದರೂ ಆಕೆ ಬರುವುದಿಲ್ಲ. ಸಾಲು ಬದಲಾಗಿತ್ತು ಎಂದರೆ ಆಕೆ ನಂಬುವುದಿಲ್ಲ. ನಂಬಬೇಕಾದರೆ ಅದನ್ನು ಬರೆದ ಕೈ ಆಕೆಗೆ ಕಾಣಬೇಕು. ಫೋನಿನಲ್ಲಿ ಹೇಳಿದರೆ ಅದೂ ಸಮಾಧಾನದ ಮಾತೇ ಆಗುತ್ತದೆ. ಎದುರಿಗೆ ಕೂತು, ಫಣಿ ಇದ್ದರೆ ಇರಲಿ, ಫೈಲು ತೆರೆದು, ಗುರುವಾರದ ತಾರೀಖು ತೋರಿಸಿ ಹೇಳಬೇಕು. ಆಮೇಲೆ ಆ ಮಾತು ದುವ್ವಾಡಕ್ಕೆ ತಲುಪಲು ಎಷ್ಟು ಹೊತ್ತು ಬೇಕು?

ಕಿಟಕಿಯ ಪಕ್ಕದ ಆ ಕುರ್ಚಿ ಅವಳ ಕಣ್ಣ ಮುಂದೆ ಬಂತು. ಅದರ ಬೆನ್ನಿಗೆ ಅವಳು ಹಾಕಿಟ್ಟ ಹತ್ತಿಯ ಶಾಲು, ಮೇಜಿನ ಮೇಲಿನ ಸ್ಟೀಲ್ ಲೋಟ. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು.

ಏಲೂರಿನ ಹೊರಗೆ ಗಾಡಿ ನಿಧಾನವಾಯಿತು. ಅನುಸೂಯಾ ಎಲೆಗಳನ್ನು ಮತ್ತೆ ಕಾಗದದಲ್ಲಿ ಮಡಿಸಿ ಚೀಲದ ಬದಿಗೆ ಇಟ್ಟಳು. ಸೀಟಿನ ಕೆಳಗಿದ್ದ ಚೀಲವನ್ನು ಎಳೆದು ತೊಡೆಯ ಮೇಲೆ ಇರಿಸಿಕೊಂಡಳು. ಎದುರಿಗಿದ್ದ ಮುದುಕಿ ಕಣ್ಣು ತೆರೆದು, "ಏಲೂರಿನವಳೇನಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು.

"ಅಲ್ಲಮ್ಮಾ. ಇಲ್ಲಿಂದ ವಾಪಸ್ ಹೋಗಬೇಕು" ಎಂದು ಅನುಸೂಯಾ ಕಾಲಿಗೆ ಚಪ್ಪಲಿ ಹಾಕಿಕೊಂಡಳು.